ಜವಾರಿ ಮಾಡಿದ ಪೆಡಲು

ತುಟಿ ಮುಂದೆ ಚಾಚಿ ‘ಊ’ ಎನ್ನುತ್ತ ಬಾಯನ್ನು ಮೆಲ್ಲಗೆ ‘ಆ’ಕ್ಕೆ ತೆರೆದರೆ ಶ್ರುತಿ ಬದಲಾಗುವುದಿಲ್ಲ, ದನಿಯ ಬಣ್ಣ ಬದಲಾಗುತ್ತದೆ. ಗಂಟಲು ಹಿಡಿದ ಸ್ವರ ಒಂದೇ. ಬಾಯಿಯ ಆಕಾರ ಬದಲಾದಂತೆ ಅದು ಎತ್ತಿಕೊಡುವ ಕಂಪನಗಳು ಮೇಲಕ್ಕೆ ಸರಿಯುತ್ತವೆ. ಎಲೆಕ್ಟ್ರಿಕ್ ಗಿಟಾರಿಗೆ ಇಂಥ ಬಾಯಿಲ್ಲ. ಅದನ್ನು ಕೊಟ್ಟದ್ದು ನುಡಿಸುವವರ ಕಾಲಬುಡದಲ್ಲಿ ಕೂತ ವಾ-ವಾ ಪೆಡಲು.

ಹುಟ್ಟಿದ್ದು 1966ರಲ್ಲಿ, ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ, ಅದೂ ದುಡ್ಡು ಉಳಿಸುವ ಕೆಲಸದ ನಡುವೆ. ವಾಕ್ಸ್ ಆಂಪ್ಲಿಫೈಯರಿನ ದುಬಾರಿ ಸ್ವಿಚ್ಚಿನ ಬದಲು ಅಗ್ಗದ ತಿರುಗಣೆಯೊಂದನ್ನು ಕೂರಿಸಲು ಹೊರಟ ಎಂಜಿನಿಯರ್ ಬ್ರ್ಯಾಡ್ ಪ್ಲಂಕೆಟ್‌ಗೆ, ಅದನ್ನು ತಿರುಗಿಸಿದಾಗ ಸದ್ದು ಮಾತಾಡಿದಂತೆ ಕೇಳಿಸಿತು. ಆ ಸರ್ಕ್ಯೂಟನ್ನು ಆರ್ಗನ್ನಿನ ವಾಲ್ಯೂಮ್ ಪೆಡಲಿನೊಳಗೆ ಇಟ್ಟರು. ಕಂಪನಿಯ ಯಜಮಾನರ ಕಣ್ಣು ಗಾಳಿವಾದ್ಯದವರ ಮೇಲಿತ್ತು. 1967ರ ಪೆಡಲಿಗೆ ಅಂಟಿಸಿದ ಹೆಸರು ಕ್ಲೈಡ್ ಮೆಕಾಯ್ ಎಂಬ ಟ್ರಂಪೆಟ್ ವಾದಕನದು. 1931ರಲ್ಲಿ ಟ್ರಂಪೆಟ್ಟಿನ ಬಾಯಿಗೆ ಮುಚ್ಚಳ ಹಿಡಿದು ‘ವಾ-ವಾ’ ಅನ್ನಿಸಿ ಹೆಸರಾಗಿದ್ದವನು. ಟ್ರಂಪೆಟಿನವರು ಪೆಡಲಿನ ಕಡೆ ತಿರುಗಿ ನೋಡಲಿಲ್ಲ. ಗಿಟಾರಿನ ಎರಿಕ್ ಕ್ಲಾಪ್ಟನ್, ಜಿಮಿ ಹೆಂಡ್ರಿಕ್ಸ್ ಬಿಡಲಿಲ್ಲ.

ಕರ್ನಾಟಕದಲ್ಲಿ ಈ ಪೆಡಲಿನ ಬಲು ದೊಡ್ಡ ಸದ್ದು ಕೇಳಿದ ಸಂಜೆಗಳಲ್ಲೊಂದು 2011ರ ಅಕ್ಟೋಬರ್ 30. ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ತಂಡ ಮೆಟಾಲಿಕಾ ನುಡಿಸಿತು. ಆ ತಂಡದ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್‌ಗೆ ವಾ ಪೆಡಲಿನ ಚಟ ಎಷ್ಟೆಂದರೆ, ಡನ್‌ಲಪ್ ಕಂಪನಿ ಅವನ ಹೆಸರಿನಲ್ಲೇ ಒಂದು ಮಾದರಿ ಮಾರುತ್ತದೆ. ಅಂಥ ಸೋಲೋ ಕೇಳಿದ ಹುಡುಗರು ಮರುದಿನವೇ ಜಗಳಕ್ಕೆ ಬೀಳುತ್ತಾರೆ: ಡನ್‌ಲಪ್ಪಿನ ಕ್ರೈ ಬೇಬಿ ಪೆಡಲು ಮೇಲೋ, ವಾಕ್ಸಿನದು ಮೇಲೋ? ಹಳೆಯ ಇಟಲಿ ಪೆಡಲಿನ ಸೊಗಸು ಹೊಸದಕ್ಕಿದೆಯೇ?

ಈ ಜಗಳವನ್ನು ವಿಜಯಪುರ ಸೀಮೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಜೈನಾಪುರ, ತಿಕೋಟಾ, ಬಬಲೇಶ್ವರದ ಕಡೆ ಗಿಟಾರೆಂದರೆ ಹೆಚ್ಚಾಗಿ ರಸಮಂಜರಿ ತಂಡದ ಗಿಟಾರು. ವಾ ಬೇಕಾದರೆ ಡಿಜಿಟಲ್ ಪೆಟ್ಟಿಗೆಯ ಒಂದು ಗುಂಡಿ. ಆದರೆ ನಾದವನ್ನು ಕೆತ್ತಿ ತಿದ್ದುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಇಲ್ಲಿನ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ ಎಂದು ಹೆಸರಿಟ್ಟು ಹಾಡುಗಳಲ್ಲಿ ಕೊಂಡಾಡಿದ. ಗಡಿಯಾಚೆಯ ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅಲ್ಲಿನ ಕುಶಲಿಗಳು ತಂಬೂರಿಯ ತಂತಿ ಹೊತ್ತ ಕುದುರೆಯನ್ನು ಕೂದಲೆಳೆಯಷ್ಟು ಉಜ್ಜಿ ಜವಾರಿ ಮಾಡುತ್ತಾರೆ, ಅಂದರೆ ದನಿ ಝೇಂಕರಿಸುವಂತೆ ತಿದ್ದುತ್ತಾರೆ. ತಂತಿಯಡಿ ನೂಲಿನ ಜೀವಾಳ ಸರಿಸಿದರೆ ಅದೇ ತಂಬೂರಿ ಮಂಕಾಗುತ್ತದೆ ಇಲ್ಲವೇ ಝೇಂಕರಿಸುತ್ತದೆ. ಇದನ್ನು ಕಂಡವರಿಗೆ ಪೆಡಲಿನ ಹೊಟ್ಟೆ ಬಿಚ್ಚಲು ಹೆದರಿಕೆಯಾಗಬಾರದು.

ಬಿಚ್ಚಿದರೆ ಸಿಗುವುದು ಇಷ್ಟೇ: ಮೂಲ ವಿನ್ಯಾಸದಲ್ಲಿ ಎರಡು ಟ್ರಾನ್ಸಿಸ್ಟರು, ಸುಮಾರು 500 ಮಿಲಿಹೆನ್ರಿಯ ಒಂದು ಇಂಡಕ್ಟರ್, ಬೆರಳೆಣಿಕೆಯ ಕೆಪಾಸಿಟರ್, ರೆಸಿಸ್ಟರ್‌ಗಳು, ಪಾದದ ಹಲಗೆ ತಿರುಗಿಸುವ 100 ಕಿಲೋ ಓಮಿನ ಪಾಟ್ ಎಂಬ ತಿರುಗಣೆ. ಇಂಡಕ್ಟರಿಗೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿ. ಶಾಲೆಯ ಸೂತ್ರಕ್ಕೆ ಹಾಕಿದರೆ ಇವೆರಡರ ಅನುರಣನ ಸುಮಾರು 2250 ಹರ್ಟ್ಸ್. ಕಾಲ್ಬೆರಳ ತುದಿ ಒತ್ತಿದಾಗ ಕೇಳುವ ಕೀರಲು ಇದೇ. ಹಿಮ್ಮಡಿ ಒತ್ತಿದಾಗ ಟ್ರಾನ್ಸಿಸ್ಟರುಗಳು ಆ ಕೆಪಾಸಿಟರನ್ನು ಹಲವು ಪಟ್ಟು ದೊಡ್ಡದೆಂಬಂತೆ ತೋರಿಸುತ್ತವೆ, ಅನುರಣನ 500 ಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ. ಕೆಪಾಸಿಟರನ್ನು 0.022ಕ್ಕೆ ಬದಲಿಸಿದರೆ ಮೇಲಿನ ತುದಿ ಸುಮಾರು 1500ಕ್ಕೆ ಬರುತ್ತದೆ: ಕಿವಿ ಕೊರೆಯುವುದು ನಿಂತು ದನಿ ದಪ್ಪವಾಗುತ್ತದೆ, ಬೇಸ್ ಗಿಟಾರಿಗೂ ಒಗ್ಗುತ್ತದೆ.

ಇಂಡಕ್ಟರಿನ ಪಕ್ಕದ 33 ಕಿಲೋ ಓಮ್ ರೆಸಿಸ್ಟರ್ ಇನ್ನೂ ಸ್ವಾರಸ್ಯದ್ದು. ಅದನ್ನು 47 ಇಲ್ಲವೇ 68ಕ್ಕೆ ಏರಿಸಿದರೆ ಅನುರಣನದ ಶಿಖರ ಚೂಪಾಗಿ, ಗಿಟಾರು ಇನ್ನಷ್ಟು ಸ್ಪಷ್ಟವಾಗಿ ಸ್ವರಾಕ್ಷರ ಉಚ್ಚರಿಸುತ್ತದೆ. 100ಕ್ಕೆ ಹೋದರೆ ಮೂಗಿನಲ್ಲಿ ಅಳುತ್ತದೆ; ಅದೂ ಕೆಲವರಿಗೆ ಇಷ್ಟ. ಮೊದಲ ಟ್ರಾನ್ಸಿಸ್ಟರಿನ ಕಾಲಿಗಿರುವ 390 ಓಮನ್ನು ತಗ್ಗಿಸಿದರೆ ಸದ್ದೂ ತಳದ ತೂಕವೂ ಹೆಚ್ಚುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಬಿಡಿಭಾಗಗಳಿಗೆ ಪುಡಿಗಾಸು ಸಾಕು.

ದುಬಾರಿ ಮಾತು ಇಂಡಕ್ಟರಿನದು. ಇಟಲಿಯ ಫಾಸೆಲ್ ಇಂಡಕ್ಟರಿನ ಬಗ್ಗೆ ಗಿಟಾರಿನವರು ಪವಾಡದ ಕಥೆ ಹೇಳುತ್ತಾರೆ. ವ್ಯತ್ಯಾಸ ಇಲ್ಲವೇ ಇಲ್ಲವೆಂದಲ್ಲ. ಆದರೆ ಹಳೆಯ ಬಿಡಿಭಾಗಗಳ ಅಳತೆ ಎಷ್ಟು ಹಿಂದುಮುಂದಾಗುತ್ತಿತ್ತೆಂದರೆ, ಒಂದೇ ಕಾರ್ಖಾನೆಯ ಎರಡು ಪೆಡಲುಗಳು ಒಂದೇ ಬಗೆ ಕೂಗುತ್ತಿರಲಿಲ್ಲ. ಹೆಸರು ಹೋಲಿಸುವ ಬದಲು 33 ಕಿಲೋ ಓಮಿನ ಜಾಗದಲ್ಲಿ ಎರಡು ಬೆಲೆ ಹಾಕಿ ಕೇಳುವುದು ಹೆಚ್ಚು ಪ್ರಾಮಾಣಿಕ ಪರೀಕ್ಷೆ. ಅದೂ ಒಂದೇ ಗಿಟಾರು, ಒಂದೇ ಆಂಪ್, ಒಂದೇ ಸದ್ದಿನಲ್ಲಿ. ಸದ್ದು ತುಸು ಹೆಚ್ಚಿದ್ದದ್ದೇ ‘ಚಲೋ’ ಎನ್ನಿಸುವುದು ಕಿವಿಯ ಹಳೆಯ ದೌರ್ಬಲ್ಯ.

ಕಾಸೇ ಬೇಡದ ತಿದ್ದುಪಡಿಯೂ ಒಂದಿದೆ. ಪಾಟಿನ ತುದಿಯ ಹಲ್ಲುಗಾಲಿಯನ್ನು ಸಡಿಲಿಸಿ ಒಂದೆರಡು ಹಲ್ಲು ಸರಿಸಿದರೆ ಪಾದದ ಚಲನೆ ಪಾಟಿನ ಬೇರೆ ಭಾಗಕ್ಕೆ ಬೀಳುತ್ತದೆ, ಕೆಳದನಿಯೋ ಮೇಲ್ದನಿಯೋ ಹೆಚ್ಚು ಸಿಗುತ್ತದೆ. ಪಾಟ್ ಕರಕರ ಎಂದರೆ ಅದು ಸವೆದಿರಬಹುದು, ಇಲ್ಲವೇ ಬರೀ ಧೂಳು. ವಿಜಯಪುರದ ಬೇಸಿಗೆಯಲ್ಲಿ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೋಡುವುದು ಲೇಸು. ಹೊಸ ಪಾಟ್ ಹಾಕುವುದಾದರೆ ರೇಡಿಯೋದ ಸಾಮಾನ್ಯ ಪಾಟ್ ನಡೆಯದು. ವಾ ಪೆಡಲಿನದು ತಿರುಗಿದಂತೆ ಬೇರೆಯೇ ವೇಗದಲ್ಲಿ ಏರುತ್ತದೆ. ಅದಿಲ್ಲದಿದ್ದರೆ ‘ಊ’ದಿಂದ ‘ಆ’ಕ್ಕೆ ದನಿ ಒಮ್ಮೆಲೇ ಜಿಗಿಯುತ್ತದೆ.

ಹಳೆಯ ಪೆಡಲುಗಳ ಇನ್ನೊಂದು ಕಾಟವೆಂದರೆ, ಆಫ್ ಮಾಡಿದರೂ ಸರ್ಕ್ಯೂಟು ಗಿಟಾರಿನ ತಂತಿಗೆ ಜೋತುಬಿದ್ದು ಮೇಲಿನ ಕಂಪನಗಳನ್ನು ನುಂಗುವುದು. ಆರು ಕಾಲಿನ ಸ್ವಿಚ್ ಹಾಕಿ ಪೂರ್ತಿ ಬೇರ್ಪಡಿಸುವುದು ಒಂದು ದಾರಿ. ಈಗಿನ ಕ್ರೈ ಬೇಬಿ ಮುಂಬದಿಗೆ, ಭಾರ ಬೀಳದಂತೆ ತಡೆಯುವ ಬಫರ್ ಸರ್ಕ್ಯೂಟು ಇಟ್ಟು ಅದನ್ನು ಸಂಭಾಳಿಸಿದೆ. ಆದರೆ ವಾ ದಾಟಿದ ಕೂಡಲೇ ದನಿಯನ್ನು ಒರಟಾಗಿಸುವ ಫಜ್ ಫೇಸ್ ಪೆಡಲಿದ್ದರೆ ಆ ಮುಂಬದಿಯ ಬಫರ್ ಕೆಲಸಕ್ಕೆ ಬಾರದು. ಫಜ್ ಎಳೆದುಕೊಳ್ಳುವ ಭಾರಕ್ಕೆ ವಾ ಬಾಯಿ ತೆರೆಯುವುದೇ ಇಲ್ಲ. ಆಗ ವಾ ಪೆಡಲಿನ ಹಿಂಬದಿಗೆ ಒಂದೇ ಟ್ರಾನ್ಸಿಸ್ಟರಿನ ಬಫರ್ ಸೇರಿಸಬೇಕು, ಇಲ್ಲವೇ ಫಜ್ಜನ್ನು ಮೊದಲಿಟ್ಟು ವಾ ಆಮೇಲೆ ಇಡಬೇಕು. ಹೀಗೆ ಅದಲುಬದಲು ಮಾಡಿದಾಗ ಮಾತಿನ ಮೃದುತನ ಹೋಗಿ ವಿಮಾನ ಏರಿದಂಥ ಬೀಸು ಬರುತ್ತದೆ. ಅದು ಬೇಕೋ ಬೇಡವೋ ಎಂಬುದು ಹಾಡಿನ ಮೇಲೆ ಹೋಗುತ್ತದೆ. ರಸಮಂಜರಿಯಲ್ಲಿ ಗಾಯಕರ ದನಿಯ ಹಿಂದೆ ನಿಲ್ಲುವ ಗಿಟಾರಿಗಂತೂ ವಾ ಮೊದಲಿರುವ ಜೋಡಣೆಯೇ ಹೊಂದುತ್ತದೆ.