ಅಕ್ಕನ ಸುಂಡಲ್, ನಮ್ಮ ಇಫ್ತಾರ್

ತಮಿಳರ ತಿಂಡಿ ಎಂದೊಡನೆ ಹಲವರಿಗೆ ನೆನಪಾಗುವುದು ಇಡ್ಲಿ, ದೋಸೆ, ಪೊಂಗಲ್. ಆದರೆ ಸಂಜೆ ಹೊತ್ತಿಗೆ ಮನೆಮನೆಗಳಲ್ಲಿ ಸಿದ್ಧವಾಗುವ ಸುಂಡಲ್, ಪಣಿಯಾರಂ, ಮಸಾಲ ವಡೆಗಳದ್ದು ಬೇರೆಯೇ ಲೋಕ. ಅವಕ್ಕೆ ಹೆಚ್ಚು ಖರ್ಚಿಲ್ಲ, ಹೆಚ್ಚು ಹೊತ್ತೂ ಬೇಡ.

ಆ ಲೋಕವನ್ನು ನಾವು ಕಂಡದ್ದು ಕೋಲಾರದ ಚಿನ್ನದ ಗಣಿಯ ಲೈನು ಮನೆಗಳಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿ ಗಣಿ ಕೆಲಸ ಕೈಗೆತ್ತಿಕೊಂಡ ಮೇಲೆ ಉತ್ತರ ಆರ್ಕಾಟ್, ಸೇಲಂ ಕಡೆಗಳಿಂದ ತಮಿಳು ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದವು. ಜೊತೆಗೆ ತೆಲುಗರು, ಕನ್ನಡಿಗರು, ನಮ್ಮಂಥ ಉರ್ದು ಮಾತಿನವರು. ಅಬ್ಬಾ ಗಣಿಯ ವರ್ಕ್‌ಶಾಪಿನಲ್ಲಿದ್ದರು. ನಮ್ಮ ಗೋಡೆಯ ಆಚೆ ಒಬ್ಬ ತಮಿಳು ಅಕ್ಕನ ಮನೆ. ಶಾಲೆಯಲ್ಲಿ ನಾವು ಮೊದಲು ಉರ್ದು ಕಲಿತೆವು, ಆಮೇಲೆ ಕನ್ನಡ. ತಮಿಳನ್ನು ಮಾತ್ರ ಕಲಿತದ್ದು ಆ ಅಕ್ಕನ ಒಲೆಯ ಮುಂದೆ.

ಸುಂಡು ಎಂದರೆ ತಮಿಳಿನಲ್ಲಿ ನೀರು ಕುದಿದು ಇಂಗುವುದು. ಹಾಗೆ ನೀರಿಂಗಿಸಿ ಬೇಯಿಸಿದ ಕಾಳೇ ಸುಂಡಲ್, ನಮ್ಮ ಗುಗ್ಗರಿಯ ತಂಗಿ. ಕಡಲೆಕಾಳನ್ನು ರಾತ್ರಿಯೇ ನೆನೆಹಾಕಬೇಕು. ಮರೆತಿದ್ದರೆ ಚಿಂತೆಯಿಲ್ಲ: ಹಸಿ ಕಡಲೆಕಾಯಿ ಬೀಜಕ್ಕೆ ಉಪ್ಪು ಹಾಕಿ ಕುಕ್ಕರಿನಲ್ಲಿ ಮೂರು ನಾಲ್ಕು ವಿಷಲ್ ಕೂಗಿಸಿದರೆ ಸಾಕು. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆ. ಮೇಲೆ ತೆಂಗಿನ ತುರಿ, ಸಣ್ಣಗೆ ಹೆಚ್ಚಿದ ಮಾವಿನಕಾಯಿ. ಚೆನ್ನೈನ ಮರೀನಾ ಕಡಲತೀರದಲ್ಲಿ ಕಾಗದದ ಪೊಟ್ಟಣದಲ್ಲಿ ಮಾರುವುದೂ ಇದನ್ನೇ. ಅಲ್ಲಿ ಕಾಳು ಬಟಾಣಿ, ಅಷ್ಟೇ. ನವರಾತ್ರಿಯ ಬೊಂಬೆ ಕೂರಿಸುವ ಮನೆಗಳಲ್ಲಿ ದಿನಕ್ಕೊಂದು ಕಾಳಿನ ಸುಂಡಲ್.

ಎರಡು ದಿನದ ದೋಸೆ ಹಿಟ್ಟು ಹುಳಿ ಬಂದರೆ ಅಕ್ಕ ಅದನ್ನು ಚೆಲ್ಲುತ್ತಿರಲಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ ಬೆರೆಸಿ ಗುಳಿಯ ಕಾವಲಿಗೆ ಹುಯ್ಯುತ್ತಿದ್ದಳು. ಮುಚ್ಚಳ ಮುಚ್ಚಿ ಎರಡು ಮೂರು ನಿಮಿಷ, ಮಗುಚಿ ಇನ್ನೊಂದು ನಿಮಿಷ. ಅದೇ ಪಣಿಯಾರಂ, ನಮ್ಮ ಪಡ್ಡು. ಮಸಾಲ ವಡೆಗೆ ಒಂದು ಲೋಟ ಕಡಲೆಬೇಳೆ ಎರಡು ಗಂಟೆ ನೆನೆದರೆ ಆಯಿತು. ಒಂದು ಹಿಡಿ ಬೇಳೆ ತೆಗೆದಿಟ್ಟು, ಉಳಿದದ್ದನ್ನು ಸೋಂಪು, ಒಣಮೆಣಸಿನಕಾಯಿಯೊಂದಿಗೆ ನೀರು ಹಾಕದೆ ತರಿತರಿಯಾಗಿ ರುಬ್ಬಬೇಕು. ತೆಗೆದಿಟ್ಟ ಬೇಳೆ, ಈರುಳ್ಳಿ, ಉಪ್ಪು ಸೇರಿಸಿ, ಅಂಗೈಯಲ್ಲಿ ತಟ್ಟಿ, ಹದವಾದ ಉರಿಯಲ್ಲಿ ಕರಿಯಬೇಕು. ಉರಿ ಜಾಸ್ತಿಯಾದರೆ ಒಳಗೆ ಹಸಿ ಉಳಿಯುತ್ತದೆ.

ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ನಂತರ, 1991ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ ತಮಿಳರ ಮೇಲೆ ಗಲಭೆಯಾಯಿತು. ಅಕ್ಕನ ತಂಗಿ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಗಣಿಯೂರಿಗೆ ಬಂದಳು. ಎರಡು ಕೋಣೆಯ ಮನೆಯಲ್ಲಿ ಹನ್ನೊಂದು ಜನ. ಅಮ್ಮಿ ಎರಡು ಸೇರು ಹುರುಳಿ ಒಯ್ದು ಕೊಟ್ಟರು. ಮರುದಿನ ಸಂಜೆ ಅದರ ಸುಂಡಲ್ ಆಗಿ ನಮ್ಮ ಪಾಲೂ ಗೋಡೆ ದಾಟಿ ಬಂತು. ಹಂಚಲು ಬಂದ ಚಿಕ್ಕ ಹುಡುಗಿ ಬಟ್ಟಲು ಹಿಡಿದು ಪಿಸುಗುಟ್ಟಿದಳು: “ಇಲ್ಲಿ ತಮಿಳು ಮಾತಾಡಬಹುದಾ?” ಅಮ್ಮಿ ಅವಳನ್ನು ಮಡಿಲಿಗೆ ಎಳೆದುಕೊಂಡು ತಮ್ಮ ಹರುಕುಮುರುಕು ತಮಿಳಿನಲ್ಲಿ, “ಜೋರಾಗಿಯೇ ಮಾತಾಡು ಕಣ್ಣೇ” ಎಂದರು. ನೀವು ಯಾವ ಕಡೆಯವರು ಎಂಬ ಪ್ರಶ್ನೆ ನಮಗೂ ಹೊಸತಲ್ಲ. ಆದ್ದರಿಂದಲೇ ಆ ಪಿಸುಮಾತು ನಮಗೆ ಚೆನ್ನಾಗಿ ಅರ್ಥವಾಯಿತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಳಿ ಮುಗಿಸಿ ಬರುವವರಿಗಾಗಿ ಉರಿಯುತ್ತಿದ್ದ ಒಲೆಗಳಿಗೆ ಕಾಯುವವರೇ ಇಲ್ಲವಾದರು. ಅಕ್ಕನ ಸೊಸೆ ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗತೊಡಗಿದಳು. ರಾತ್ರಿ ಮನೆ ಮುಟ್ಟುವಾಗ ಎಂಟು ಗಂಟೆ. ‘ಸುಲಭ’ ಎಂಬ ಮಾತಿನ ಬೆಲೆ ನಮಗೆ ತಿಳಿದದ್ದು ಆಗಲೇ. ದಣಿದು ಬಂದ ಹೆಣ್ಣು ಸೌಟು ಹಿಡಿದರೆ ಯಾವ ತಿಂಡಿಯೂ ಸುಲಭವಲ್ಲ. ಅಕ್ಕ ತನ್ನ ಮಗನಿಗೇ ಒಗ್ಗರಣೆ ಹಾಕಲು ಕಲಿಸಿದಳು. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ಆ ಹುಡುಗ, ಹೆಂಡತಿ ಬರುವ ಹೊತ್ತಿಗೆ ಸುಂಡಲ್ ಮಾಡಿಡುತ್ತಿದ್ದ. ಬೀದಿಯವರು ನಕ್ಕರು. ಅವನು ಲಕ್ಷ್ಯ ಕೊಡಲಿಲ್ಲ.

ನಮ್ಮ ಮನೆಯಲ್ಲೂ ಈಗ ರಂಜಾನಿನ ಅಸರ್ ನಮಾಝ್ ಆದ ಮೇಲೆ ಅಡುಗೆಮನೆಯಲ್ಲಿ ಹುಡುಗರಿಗೂ ಪಾಲಿದೆ. ತಮಿಳುನಾಡಿನ ಮಸೀದಿಗಳಲ್ಲಿ ಇಫ್ತಾರಿಗೆಂದು ಹಂಚುವ ನೋಂಬು ಗಂಜಿಯ ಜೊತೆ ಮಸಾಲ ವಡೆ ಇದ್ದರೇ ಚೆಂದ. ನಮ್ಮಲ್ಲಿ ಖರ್ಜೂರದ ಪಕ್ಕ ಅಕ್ಕನ ಸುಂಡಲ್ ಇರುತ್ತದೆ. ದಿನವಿಡೀ ಉಪವಾಸವಿದ್ದವಳೇ ಮಗ್‌ರಿಬ್ ಅಝಾನಿನವರೆಗೂ ಬಾಣಲೆಯ ಮುಂದೆ ಬೆವರುತ್ತಾ ನಿಲ್ಲಬೇಕೆಂದು ಯಾವ ಧರ್ಮವೂ ಹೇಳಿಲ್ಲ. ಕಡಲೆ ನೆನೆಹಾಕುವುದು, ಕುಕ್ಕರ್ ಇಡುವುದು, ತೆಂಗಿನಕಾಯಿ ತುರಿಯುವುದು ಹತ್ತು ವರ್ಷದ ಹುಡುಗನಿಗೂ ಬರುತ್ತದೆ. ಕಲಿಸಿ ನೋಡಿ. ಮಾಡಿದ್ದರಲ್ಲಿ ಒಂದು ಬಟ್ಟಲು ಪಕ್ಕದ ಮನೆಗೂ ಹೋಗಲಿ, ಅವರ ಮಾತು ಯಾವುದೇ ಇರಲಿ.