ಭರಣಿ ಮಳೆಯಲ್ಲಿ ಸವಣೂರು ದಾರಿ

ಹಾನಗಲ್ ದಾಟಿ ಅರ್ಧ ತಾಸಾಗಿದೆ, ಇದು ಬಂಕಾಪುರದ ರಸ್ತೆ. ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್‌ನಲ್ಲಿ ನಾವು 14 ಮಂದಿ ಕೂತಿದ್ದೇವೆ. ಕೆಳಗೆ ಭತ್ತದ ಹುಲ್ಲು, ಮೇಲೆ ಜಮಖಾನೆ, ನೆತ್ತಿಯ ಮೇಲೆ ಬಿದಿರಿನ ಗಳ ಬಗ್ಗಿಸಿ ಬಿಗಿದ ತಾಡಪತ್ರಿ. ನಾಳೆ ಸವಣೂರಿನಲ್ಲಿ ಲಗ್ನ. ಅರಿಶಿನ ಹಚ್ಚಿಸಿಕೊಂಡ ಮದುಮಗಳು ಆಯಿಗೆ ಒರಗಿದ್ದಾಳೆ. ಹಿರೇಕೆರೂರು ಬಿಟ್ಟಾಗ ಬಿಸಿಲು ಚುರುಗುಟ್ಟುತ್ತಿತ್ತು. ಬೇಸಿಗೆಯ ವರದೆಯನ್ನು ದಾಟುವಾಗಲೂ ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ.

ಈಗ ಮೂಡಣ ದಿಕ್ಕು ರೊಟ್ಟಿ ಹಂಚಿನ ತಳದಂತೆ ಕಪ್ಪಗಾಗಿದೆ. ಗಾಳಿ ನಿಂತೇಹೋಗಿದೆ. ಇಕ್ಕೆಲದ ಮಾವಿನ ತೋಟಗಳಲ್ಲಿ ಒಂದೆಲೆಯೂ ಅಲುಗುತ್ತಿಲ್ಲ.

"ಭರಣಿ ಮಳಿ. ಸುಮ್ನ ಬರಂಗಿಲ್ಲದು," ಅಂದಳು ಆಯಿ.

ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ ಭರಣಿ ನಕ್ಷತ್ರದ ಕಾಲ. ಬಿತ್ತುವವರು ಹಾದಿ ಕಾಯುವ ಮಳೆ, ಮಾವು ಬೆಳೆದವರು ಅಂಜುವ ಮಳೆ. ಹಗಲೆಲ್ಲ ನೆಲ ಕಾದು ತೇವದ ಗಾಳಿ ಮೇಲೇರಿ ಮಧ್ಯಾಹ್ನದ ಮೇಲೆ ಮೋಡ ಗೋಪುರದಂತೆ ಬೆಳೆಯುತ್ತದೆ. ಒಳಗಿನ ತಂಪುಗಾಳಿ ಮಳೆಗಿಂತ ಮೊದಲೇ ನೆಲಕ್ಕೆ ಕುಸಿದು ನಾಲ್ಕೂ ಕಡೆ ನುಗ್ಗುತ್ತದೆ.

ನಮಗೆ ಬಡಿದದ್ದು ಅದೇ. ಮೊದಲು ಧೂಳು, ಮರುಗಳಿಗೆಗೆ ತಾಡಪತ್ರಿ ಹೊಟ್ಟೆಯುಬ್ಬಿಸಿ ನಿಂತಿತು. ಗಳಗಳು ಕಿರುಗುಟ್ಟಿದವು. ಟ್ರೇಲರ್‌ನ ಬಲಮಗ್ಗಲು ಹಗುರಾದದ್ದು ನನ್ನ ಮೈಗೇ ತಿಳಿಯಿತು. ಇಷ್ಟು ಹೊತ್ತು ನೆರಳು ಕೊಟ್ಟ ತಾಡಪತ್ರಿಯೇ ಈಗ ನಮ್ಮನ್ನು ಗದ್ದೆಗೆ ಕೆಡವಲು ನೋಡುತ್ತಿದೆ. ಟ್ರ್ಯಾಕ್ಟರಿಗೂ ನಮಗೂ ಇರುವ ನಂಟು ಕೊಂಡಿಯಲ್ಲಿನ ಒಂದೇ ಒಂದು ಕಬ್ಬಿಣದ ಪಿನ್ನು. ಟ್ರೇಲರ್‌ಗೆ ತನ್ನದೇ ಬ್ರೇಕಿಲ್ಲ. ಮುಂದಿನದು ಗಕ್ಕನೆ ನಿಂತರೆ ಹಿಂದಿನದು ಅದನ್ನೇ ದೂಡುತ್ತದೆ. ಇಂಥದರಲ್ಲಿ ಜನರನ್ನು ಕೂರಿಸಿಕೊಂಡು ಹೋಗಬಾರದೆಂದು ಕಾನೂನಿದೆ, ಅದು ಸರಿಯಾದ ಕಾನೂನು. ಆದರೂ ನಮ್ಮ ಸೀಮೆಯಲ್ಲಿ ಎಷ್ಟೋ ಲಗ್ನದ ದಿಬ್ಬಣಗಳು ಇನ್ನೂ ಹೀಗೇ ಹೋಗುತ್ತವೆ.

"ತಾಡಪತ್ರಿ ಬಿಚ್ರಿ! ಗಾಳಿ ಹಿಡಕೊಂಡೈತಿ!" ಸ್ಟಿಯರಿಂಗ್ ಬಿಡದೆ ಕಾಕಾ ಕೂಗಿದ.

ಗಂಟು ಬಿಗಿದು ಕಲ್ಲಾಗಿದೆ. ನಾನು ಒಂದು ಕಡೆ, ಮದುಮಗಳು ಇನ್ನೊಂದು ಕಡೆ. ಅವಳ ಕಡೆಯ ಹಗ್ಗ ಸರ್ರನೆ ಅಂಗೈಯೊಳಗಿಂದ ಜಾರಿತು. ನೀಲಿ ಹಾಳೆ ಒಮ್ಮೆ ಪಟಪಟಿಸಿ ಬೇಲಿಯ ಆಚೆ ಹಾರಿತು. ಟ್ರೇಲರ್ ದಡ್ಡೆಂದು ನೆಲಕ್ಕೆ ಕೂತಿತು. ಅದರ ಹಿಂದೆಯೇ ಆಣೆಕಲ್ಲು. ತಗಡಿನ ಮೇಲೆ ಜೋಳ ಸುರಿದ ಸಪ್ಪಳ. ಮಕ್ಕಳನ್ನು ಕೌದಿಯ ಕೆಳಗೆ ತುರುಕಿದೆವು. ಆಯಿ ಬುತ್ತಿಯ ಬುಟ್ಟಿ ಬರಿದು ಮಾಡಿ ಮದುಮಗಳ ತಲೆಗೆ ಬೋರಲು ಹಾಕಿದಳು.

ಮಿಂಚಿನಿಂದ ಗುಡುಗಿಗೆ ಎಣಿಸುತ್ತಿದ್ದೇನೆ. ಮೂರು ಎಣಿಸಿದರೆ ಒಂದು ಕಿಲೋಮೀಟರು. ಆರು. ನಾಲ್ಕು. ಮುಂದೆ ರಸ್ತೆಗೆ ಬಾಗಿದ ದೊಡ್ಡ ಹುಣಸೆಮರ. "ಕಾಕಾ, ಅದರ ಬುಡಕ ನಿಲ್ಲಸ್ರಿ!" ಅಂದೆ.

"ಮರದ ಬುಡಕ ಬ್ಯಾಡಲೇ! ಸವಣೂರ ಕಲ್ಮಠದ ದೊಡ್ಡಹುಣಸಿನ ಬಿತ್ತು, ಇದ್ಯಾವ ಲೆಕ್ಕ!"

ದೊಡ್ಡಹುಣಸೆ ಅಂದರೆ ಬಾವೊಬಾಬ್. ಆ ಮಠದಲ್ಲಿದ್ದ ಅಂಥ ಮೂರು ದೈತ್ಯ ಮರಗಳಲ್ಲಿ ಒಂದು 2023ರ ಜುಲೈನಲ್ಲಿ ಉರುಳಿತ್ತು. ಕ್ರೇನ್ ತರಿಸಿ ಅದನ್ನು ಮತ್ತೆ ನೆಟ್ಟರು. ಶತಮಾನಗಳ ಮರಕ್ಕೇ ಆ ಗತಿ. ಕಾಕಾ ಸಣ್ಣ ಗೇರಿನಲ್ಲೇ, ಇಳಿಜಾರಿನಲ್ಲಿ ಕ್ಲಚ್ ಒತ್ತದೆ, ಹುಣಸೆ ದಾಟಿಸಿ ಊರಂಚಿನ ಶಾಲೆಗೆ ತಂದು ನಿಲ್ಲಿಸಿದ. ರಜೆಯ ಶಾಲೆ, ಗೇಟಿಗೆ ಬೀಗವಿರಲಿಲ್ಲ. ಪಡಸಾಲೆಗೆ ಓಡಿದೆವು. ಹಿಂತಿರುಗಿ ನೋಡಿದಾಗ ಮಿಂಚಿಗೂ ಗುಡುಗಿಗೂ ನಡುವೆ ಎಣಿಸಲು ಏನೂ ಉಳಿದಿರಲಿಲ್ಲ.

ಅರ್ಧ ತಾಸಿನಲ್ಲಿ ಎಲ್ಲ ಮುಗಿಯಿತು. ಕೌದಿಯ ಮಡಿಕೆಗಳಲ್ಲಿ ಗೋಲಿ ಗಾತ್ರದ ಕಲ್ಲುಗಳು ಇನ್ನೂ ಕರಗುತ್ತಿವೆ. ಮದುಮಗಳ ಅಂಗೈ ಅಡ್ಡಕ್ಕೆ ತರಚಿದೆ. ಆಯಿ ಅವಳ ತೋಳಿನ ಅರಿಶಿನವನ್ನೇ ಕೆರೆದು ಗಾಯಕ್ಕೆ ಒತ್ತಿದಳು.

ತಾಡಪತ್ರಿ ಹುಡುಕುತ್ತ ಬೇಲಿ ದಾಟಿದರೆ ತೋಟದ ತುಂಬ ಕಾಯಿ. ವರ್ಷದ ಫಸಲು ಕೆಸರಿನಲ್ಲಿದೆ. ತೋಟದ ಅಜ್ಜ ಒಂದೊಂದನ್ನೇ ಎತ್ತಿ ಪಂಚೆಗೆ ಒರೆಸಿ ಬುಟ್ಟಿಗೆ ಹಾಕುತ್ತಿದ್ದ. ನಾವು ಏನೂ ಕೇಳಲಿಲ್ಲ. ಹರಿದ ತಾಡಪತ್ರಿಯನ್ನು ತಾನೇ ಮಡಚಿ ಕೊಟ್ಟ. ಮದುಮಗಳನ್ನು ನೋಡಿ, ತುಂಬಿದ ಬುಟ್ಟಿಯನ್ನು ಟ್ರೇಲರ್‌ಗೆ ಎತ್ತಿಟ್ಟ.

"ಉಪ್ಪಿನಕಾಯಿಗೆ ಬರ್ತಾವು. ಲಗ್ನದ ಮನಿಗೆ ಒಯ್ರಿ."

ಕಾಕಾ ಬಗ್ಗಿ ಕೊಂಡಿಯ ಪಿನ್ನು ಮುಟ್ಟಿ ನೋಡಿ ಗಾಡಿ ಚಾಲೂ ಮಾಡಿದ. ಒದ್ದೆ ಹುಲ್ಲಿನ ಮೇಲೆ ಕೂತು, ಮಾವಿನ ಸೊನೆಯ ವಾಸನೆಯಲ್ಲೇ ನಾವು ಸವಣೂರು ಮುಟ್ಟಿದೆವು.