ನಾಗೊಂದಿ ಮ್ಯಾಲ ಏನದ?

ನಮ್ಮ ಕಡೆ ಹಳೇ ಮನೆ ಕಟ್ಟಿಸಿದವರು ಕಿಟಕಿ ಇಡುವುದರಲ್ಲಿ ಜಿಪುಣರು, ಬಚ್ಚಿಡುವ ಜಾಗ ಬಿಡುವುದರಲ್ಲಿ ಕರ್ಣರು. ಗದಗ ತಾಲೂಕಿನ ಅಸುಂಡಿಯಲ್ಲಿ ಇನ್ನೂ ಕೆಡವದೆ ಉಳಿದ ಮಣ್ಣಿನ ಮಾಳಿಗೆ ಮನೆಯೊಳಗೆ ಹೊಕ್ಕು ನೋಡಿ. ಗೋಡೆಯ ದಪ್ಪದಲ್ಲೇ ದೀಪಕ್ಕೊಂದು ಮಾಡ, ಎಲಿಅಡಕಿ ತಾಟಿಗೊಂದು ಮಾಡ. ತಲೆಯ ಮೇಲೆ ಸಾಮಾನಿಡುವ ಅಟ್ಟ, ಅದೇ ನಾಗೊಂದಿ. ಜಂತಿಯ ಸಂದಿಯಲ್ಲಿ ಸಿಗಿಸಿದ ಕುಡಗೋಲು, ಅದರ ಪಕ್ಕದಲ್ಲಿ ಸುರುಳಿ ಸುತ್ತಿದ ಮಿಣಿ, ಯಾವುದೋ ಕಾಲದ ಕಾಗದಪತ್ರ. ಅಡುಗೆಮನೆಯಲ್ಲಿ ಒಂದರ ಮೇಲೊಂದು ಕೂತ ಅಡಕಲ ಗಡಿಗಿ, ಮೂಲೆಯಲ್ಲಿ ಸೆಗಣಿ ಬಳಿದ ಕಾಳಿನ ಗಳಗಿ. ಮಂಚದ ಕೆಳಗೆ ಟ್ರಂಕು, ಟ್ರಂಕಿನೊಳಗೆ ಗಂಟು, ಗಂಟಿನೊಳಗೆ ಚೀಲ, ಚೀಲದೊಳಗೆ ಏನಿದೆ ಎನ್ನುವುದು ಮನೆಯ ಹಿರಿಯ ಹೆಣ್ಣುಮಗಳಿಗೆ ಮಾತ್ರ ಗೊತ್ತು. ಇಷ್ಟೂ ಸಾಲದೆಂದು ನೆಲದ ಕೆಳಗೆ ಕಾಳು ತುಂಬುವ ಹಗೇವು.

ಹಗೇವಿನ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಈಗಿನ ಹುಡುಗರು ಅದನ್ನು ಮುಚ್ಚಿದ ಬಾವಿ ಎಂದುಕೊಳ್ಳುತ್ತಾರೆ. ಗಟ್ಟಿ ಗರಸು ನೆಲ ನೋಡಿ, ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ ತೆಗೆದು, ಒಳಗೊಳಗೆ ಹೊಟ್ಟೆ ಅಗಲ ಮಾಡುತ್ತ ತೋಡುತ್ತಿದ್ದರು. ತಳಕ್ಕೂ ಸುತ್ತಲೂ ಒಣ ಹುಲ್ಲು ಹೊಂದಿಸಿ, ಹಲ್ಲಿಗೆ ಹಾಕಿದರೆ ಕಟ್ಟೆನ್ನುವಷ್ಟು ಒಣಗಿದ ಹಿಂಗಾರಿ ಬಿಳಿಜೋಳ ಸುರಿದು, ಮೇಲೆ ಮತ್ತೆ ಹುಲ್ಲು, ಬಾಯಿಗೆ ಹಾಸುಗಲ್ಲು, ಕಲ್ಲಿನ ಅಂಚಿಗೆ ಕೆಸರು ಮೆತ್ತಿದರೆ ಕೆಲಸ ಮುಗಿಯಿತು. ಒಳಗಿನ ಕಾಳು, ಹುಳ ಉಸಿರಾಡಿಯೇ ಆಮ್ಲಜನಕ ತೀರಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಬದುಕುವುದಿಲ್ಲ. ಈಗ ಕಾಳಿಗೆಂದು ಮಾರುವ ಗಾಳಿಯಾಡದ ಚೀಲಗಳೂ ಇದೇ ಲೆಕ್ಕದ ಮೇಲೆ ನಿಂತಿವೆ.

ಹುಳ ಸಾಯುವ ಜಾಗದಲ್ಲಿ ಮನುಷ್ಯನೂ ಸಾಯುತ್ತಾನೆ. ಅದಕ್ಕೇ ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡುತ್ತಿದ್ದರು. ಕಂದೀಲು ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇನ್ನಷ್ಟು ಹೊತ್ತು ಕಾಯಬೇಕು ಎಂಬುದು ಅವರ ಲೆಕ್ಕ. ಅವಸರ ಮಾಡಿ ಇಳಿದವನೊಬ್ಬ, ಅವನನ್ನು ಎತ್ತಲು ಇಳಿದವನು ಇನ್ನೊಬ್ಬ, ಹೀಗೆ ಇಬ್ಬರೂ ಮೇಲೆ ಬಾರದ ಕಥೆಗಳನ್ನು ಈ ಸೀಮೆಯ ಹಿರಿಯರು ಹೇಳುತ್ತಾರೆ.

ಇಷ್ಟೆಲ್ಲ ಪಡಿಪಾಟಲು ಯಾಕೆಂದರೆ ಬರ. 1876ರಿಂದ 1878ರವರೆಗಿನ ಬರವನ್ನು ನಮ್ಮ ಕಡೆ ಡೌಗಿ ಬರ ಎನ್ನುತ್ತಾರೆ. ಅದನ್ನು ಕಂಡವರು ಯಾರೂ ಉಳಿದಿಲ್ಲ, ಆದರೆ ಅದರ ಭಯ ಉಳಿಯಿತು. ನಾವು ತಾಟಿನಲ್ಲಿ ಅನ್ನದ ಅಗುಳು ಬಿಟ್ಟರೆ ನನ್ನ ಅಜ್ಜಿಯ ಕಾಲದವರು ಬೈಯುತ್ತಿರಲಿಲ್ಲ, "ಡೌಗಿ ಬರದಾಗ ಹುಟ್ಟಿದ್ರ ಗೊತ್ತಾಗ್ತಿತ್ತು" ಎನ್ನುತ್ತಿದ್ದರು. ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಆದರೆ ಹಗೇವಿಗೊಂದು ಕಟ್ಟುನಿಟ್ಟು ಇತ್ತು. ಒಮ್ಮೆ ಬಾಯಿ ತೆಗೆದರೆ ಅರ್ಧ ತೆಗೆದು ಅರ್ಧ ಬಿಡುವ ಹಾಗಿಲ್ಲ. ಗಾಳಿ ತಾಗಿದ ಕಾಳಿಗೆ ತಂಪು ಏರುತ್ತದೆ, ನುಸಿ ಹಿಡಿಯುತ್ತದೆ. ಪೂರಾ ಖಾಲಿ ಮಾಡಲೇಬೇಕು. ಮನೆಗಿಷ್ಟು, ಬಿತ್ತಿಕೊಳ್ಳಲು ಕೈ ಒಡ್ಡಿದವರಿಗಿಷ್ಟು, ಪ್ಯಾಟಿಗಿಷ್ಟು. ಅಡಗಿಸಿಟ್ಟದ್ದು ಒಂದು ದಿನ ಹೊರಗೆ ಬಂದು ಹಂಚಿಹೋಗಲೇಬೇಕು ಎಂಬುದು ಆ ಕುಣಿಯ ರಚನೆಯಲ್ಲೇ ಇತ್ತು. ಗಳಗಿಯೂ ಅಷ್ಟೇ, ಸುಗ್ಗಿಗೆ ತುಂಬಿ ಮುಂದಿನ ಸುಗ್ಗಿಯ ಹೊತ್ತಿಗೆ ತಳ ಕಾಣುತ್ತಿತ್ತು. ನಾಗೊಂದಿಯ ಮೇಲಿನ ಹಳೇ ಅರಿಬಿ ಗಂಟು ಬ್ಯಾಸಗಿಯಲ್ಲಿ ಇಳಿದು ಕೌದಿಯಾಗುತ್ತಿತ್ತು. ಹಳೇ ಮನೆ ಗಲೀಜಾಗಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಚೇಳು ಬೇಕಾದಷ್ಟು ಇದ್ದವು. ಆದರೆ ಪ್ರತಿ ಕತ್ತಲ ಜಾಗಕ್ಕೂ ವರ್ಷದಲ್ಲೊಂದು ಬೆಳಕಿನ ದಿನ ಗೊತ್ತಾಗಿತ್ತು.

ಅಡಕಲ ಗಡಿಗಿಯ ಕಥೆ ಬೇರೆ. ಮೇಲಿನ ಗಡಿಗಿಯಲ್ಲಿ ಹುಣಸಿಹಣ್ಣು, ಅದರ ಕೆಳಗೆ ಕಡ್ಲಿಬ್ಯಾಳಿ, ಎಲ್ಲಕ್ಕಿಂತ ಕೆಳಗಿನದರಲ್ಲಿ ರೊಕ್ಕ. ಮನೆಯ ಗಂಡಸರಿಗೆ ಇದು ಗೊತ್ತಿರುತ್ತಿತ್ತು, ಗೊತ್ತಿಲ್ಲದ ಹಾಗೆ ಇರುತ್ತಿದ್ದರು. ಮೇಲಿನ ಗಡಿಗಿಗಳನ್ನೆಲ್ಲ ಸಪ್ಪಳವಾಗದಂತೆ ಇಳಿಸುವ ತಾಳ್ಮೆ ಯಾವ ಗಂಡಸಿಗೂ ಇರಲಿಲ್ಲ ಎಂಬುದೇ ಅದರ ಕೀಲಿ. ಗಡಿಗಿ ಹೋಗಿ ಸ್ಟೀಲಿನ ಡಬ್ಬಿ ಬಂದ ಮೇಲೂ ಪದ್ಧತಿ ಬಿಡಲಿಲ್ಲ. 2016ರ ನವೆಂಬರ್ 8ರ ರಾತ್ರಿ ಪ್ರಧಾನಿ ಟೀವಿಯಲ್ಲಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದಾಗ ಊರೂರ ಸಾಸಿವಿ ಡಬ್ಬಿಗಳು ಬಾಯಿ ಬಿಟ್ಟವು. ಗಂಡನಿಗೆ ತಿಳಿಯದಂತೆ ಕೂಡಿಟ್ಟದ್ದನ್ನು ಗಂಡನ ಕೈಯಲ್ಲೇ ಬ್ಯಾಂಕಿಗೆ ಕಳಿಸಬೇಕಾದ ಹೆಂಗಸರ ಮುಖ ಆ ವಾರ ನೋಡಬೇಕಿತ್ತು. ಡಿಸೆಂಬರ್ 30ಕ್ಕೆ ಗಡುವು ಮುಗಿಯಿತು. ಟ್ರಂಕಿನ ತಳಕ್ಕೆ ಹಾಸಿದ ಪೇಪರಿನ ಕೆಳಗೆ, ಕೌದಿಯ ಹೊಲಿಗೆಯೊಳಗೆ ಮರೆತುಹೋದವು ಮಾತ್ರ ಆಮೇಲೂ ಸಿಗುತ್ತಲೇ ಇವೆ. 2017ರ ಕಾನೂನಿನ ಪ್ರಕಾರ ಅಂಥ ನೋಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಂಡರೆ ಅಪರಾಧ. ಹತ್ತರೊಳಗಿದ್ದರೆ ಮೊಮ್ಮಕ್ಕಳಿಗೆ ತೋರಿಸಬಹುದು.

ಈಗ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದ ಮನೆಗಳಿಗೆ ಬರೋಣ. ನನ್ನ ಚಿಗವ್ವನ ಮನೆಯೂ ಅಂಥದ್ದೇ. ಹಗೇವು ಮುಚ್ಚಿ ಅದರ ಮೇಲೆ ಬೈಕು ನಿಲ್ಲಿಸುತ್ತಾರೆ. ಜೋಳ ರೇಷನ್ ಅಕ್ಕಿಯ ಚೀಲದ ಪಕ್ಕದಲ್ಲಿ ತಗಡಿನ ಡ್ರಮ್ಮಿನಲ್ಲಿದೆ. ಬಚ್ಚಿಡಲು ಕಾಳು ಇಲ್ಲ, ಬಚ್ಚಿಡುವ ಚಾಳಿ ಇದೆ. ಹೀಗಾಗಿ ಬಾಗಿಲ ಮೇಲಿನ ಸಜ್ಜಾ, ಬಾಕ್ಸ್ ಮಂಚದ ಹೊಟ್ಟೆ, ಪಾವಟಿಗೆಯ ಕೆಳಗಿನ ಗೂಡು, ಎಲ್ಲ ಕಡೆ ಸಾಮಾನು. ಇವಕ್ಕೆ ಯಾವ ಸುಗ್ಗಿಯೂ ಇಲ್ಲ, ಬ್ಯಾಸಗಿಯೂ ಇಲ್ಲ. ಒಳಗೆ ಹೋದದ್ದು ಹೋಯಿತು.

ಕಳೆದ ಸಲ ದಸರಾಕ್ಕೆ ಮುಂಚೆ ಹಾಸಿಗೆ ಒಗೆಯುವ ಹೊತ್ತಿನಲ್ಲಿ ಚಿಗವ್ವನ ಸೊಸೆ ಸಜ್ಜಾದ ಮೇಲೆ ಕೈ ಹಾಕಿದಳು. ಹುಬ್ಬಳ್ಳಿಯಲ್ಲಿ ಬೆಳೆದ ಹುಡುಗಿ, ಮೊಬೈಲಿನಲ್ಲಿ ಜಪಾನಿನ ಮರೀ ಕೊಂಡೋ ಬಗ್ಗೆ ನೋಡಿದ್ದಳು. 2011ರಲ್ಲಿ ಬಂದ ಆಕೆಯ ಪುಸ್ತಕ ಜಗತ್ತನ್ನೆಲ್ಲ ಸುತ್ತಿದೆ. ಆಕೆ ಹೇಳುವುದಿಷ್ಟೇ: ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿ, ಮನಸ್ಸಿಗೆ ಖುಷಿಯಾದರೆ ಇಟ್ಟುಕೋ, ಇಲ್ಲವಾದರೆ ಕೃತಜ್ಞತೆ ಹೇಳಿ ಕಳಿಸು.

"ಅತ್ತಿ, ಇದನ್ನ ಕೈಯಾಗ ಹಿಡದ್ರ ನಿಮಗ ಖುಷಿ ಆಗ್ತದೇನ್ರಿ?" ಅವಳ ಕೈಯಲ್ಲಿ ಸೀಳಿದ ಕೊಡ್ಲಿ ಕಾವು.

"ಕಾವು ಹಿಡದ್ರ ಕಟಗಿ ಒಡೀಬೇಕನಸ್ತದ. ಖುಷಿ ಯಾಕ ಆಗ್ತದವಾ?"

ಮೊದಲ ಸುತ್ತಿನಲ್ಲೇ ಜಪಾನು ಸೋತಿತು. ಆಮೇಲೆ ಇಳಿದದ್ದನ್ನು ಕೇಳಿ. ಮಿಕ್ಸರಿನ ರಟ್ಟಿನ ಡಬ್ಬಿ. ವಾರಂಟಿ ಇರುವ ತನಕ ಡಬ್ಬಿ ಇಡಬೇಕೆಂದು ಇಟ್ಟದ್ದು, ಈಗ ವಾರಂಟಿಯೂ ಇಲ್ಲ, ಮಿಕ್ಸರೂ ಇಲ್ಲ, ಡಬ್ಬಿ ಮಾತ್ರ ಹೊಸದರ ಹಾಗಿದೆ. ಚಿಮಣಿ ಎಣ್ಣೆಯ ಸ್ಟೋವು, ಅದರ ಪಿನ್ನುಗಳ ಪೊಟ್ಟಣ. ಟೇಪು ಕಿತ್ತುಬಂದ ದೊಡ್ಡಾಟದ ಕ್ಯಾಸೆಟ್ಟುಗಳು. ಗಣಪತಿಯ ಥರ್ಮಾಕೋಲ್ ಮಂಟಪ. ಆಯೇರಿಗೆ ಬಂದ ಸ್ಟೀಲಿನ ಬಾಂಡೆಗಳು, ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರು ಕೆತ್ತಿಸಿದ್ದು. ಹೆಸರು ಕೆತ್ತಿಸುವುದರ ಉದ್ದೇಶವೇ ಅದು: ಅದನ್ನು ಇನ್ನೊಬ್ಬರಿಗೆ ದಾಟಿಸಲಾಗದು. ತಿರುಗಿ ತಿರುಗಿ ದಾಟುವುದು ಜಂಪರ್ ಪೀಸು. ಉಡಿ ತುಂಬಿದವರು ಕೊಟ್ಟದ್ದನ್ನು ನಾವು ಇನ್ನೊಬ್ಬರ ಉಡಿಗೆ ಹಾಕುತ್ತೇವೆ, ಅವರು ಮತ್ತೊಬ್ಬರಿಗೆ. ಹೊಲಿಸಿದವರನ್ನು ನಾನಂತೂ ಕಂಡಿಲ್ಲ. ಚಿಗವ್ವನ ಸಜ್ಜಾದಲ್ಲಿ ಒಂದು ಗೊಬ್ಬರದ ಚೀಲ ಪೂರ್ತಿ ಜಂಪರ್ ಪೀಸುಗಳಿದ್ದವು.

ಹಳೇ ಸೀರೆಗಳ ಗಂಟಂತೂ ಗುಡ್ಡ. ಇದಕ್ಕೆ ಬರೀ ಸೋಮಾರಿತನ ಕಾರಣವಲ್ಲ. ಇಳಕಲ್ಲಿನ ಹತ್ತಿ ಸೀರೆ, ಧೋತರ ಹರಿದರೆ ಕೌದಿಗೆ ಹೋಗುತ್ತಿದ್ದವು, ಕೌದಿ ಹರಿದರೆ ಕೈಅರಿಬಿಗೆ. ಈಗಿನ ಸಿಂಥೆಟಿಕ್ ಸೀರೆ ಹರಿಯುವುದೇ ಇಲ್ಲ. ಅದರಿಂದ ಕೌದಿ ಹೊಲಿದರೆ ಬೆಚ್ಚಗೂ ಇರದು, ಮೈಮೇಲೆ ನಿಲ್ಲದು, ನಡುರಾತ್ರಿ ಜಾರಿ ನೆಲಕ್ಕೆ ಬೀಳುತ್ತದೆ. ನೀರು ಹೀರದ ಅರಿಬಿಯಿಂದ ನೆಲ ಒರೆಸಲೂ ಬಾರದು. ಹರಿಯುವವರೆಗೂ ಕಾಯುವುದು ನಮ್ಮ ಹೆಂಗಸರ ನಿಯತ್ತು, ಹರಿಯದೇ ಇರುವುದು ಆ ಬಟ್ಟೆಯ ನಿಯತ್ತು. ನಡುವೆ ಸಜ್ಜಾ ತುಂಬುತ್ತದೆ.

ಕೊನೆಗೆ ಅತ್ತೆ ಸೊಸೆ ಇಬ್ಬರೂ ಒಪ್ಪಿದ್ದು ಚಿಗವ್ವನ ಪರೀಕ್ಷೆಗೆ. "ಖುಷಿ ಗಿಷಿ ಬ್ಯಾಡ. ಪುಕ್ಕಟ ಕೊಟ್ರ ಓಣ್ಯಾಗ ಯಾರರ ತಗೋತಾರೇನು, ಅಷ್ಟ ಕೇಳು." ತೆಗೆದುಕೊಳ್ಳುವವರು ಇದ್ದರೆ ಅದು ಸಾಮಾನು, ಅದನ್ನು ಅವರಿಗೇ ಕೊಡಬೇಕು. ಎಲ್ಲರೂ ಒಲ್ಲೆ ಎಂದರೆ ಅದು ಕಸ, ಅದು ಗುಜರಿ ಕೊಳ್ಳುವ ಮೋಡಕಾದವನಿಗೆ. ನನಗೆ ಇದು ಜಪಾನಿನ ಪ್ರಶ್ನೆಗಿಂತ ಗಟ್ಟಿಯೆನಿಸಿತು. ಖುಷಿಯ ಪ್ರಶ್ನೆಗೆ ಮನುಷ್ಯ ತನಗೆ ತಾನೇ ಸುಳ್ಳು ಹೇಳಿಕೊಳ್ಳಬಹುದು, ನೆರೆಮನೆಯವಳು ಸುಳ್ಳು ಹೇಳುವುದಿಲ್ಲ. ಬಾಂಡೆಗಳು ಅಂಗನವಾಡಿಯ ಸಮಾರಂಭಕ್ಕೂ ಗುಡಿಯ ದಾಸೋಹಕ್ಕೂ ಹೋದವು, ಹೆಸರುಗಳ ಸಮೇತ. ಜಂಪರ್ ಪೀಸುಗಳನ್ನು ಹೊಲಿಗೆ ಕಲಿಯುವ ಹುಡುಗಿಯರು ಒಯ್ದರು. ಗಟ್ಟಿಯಾಗಿ ಉಳಿದದ್ದು ತೀರಿಹೋದ ಕಾಕಾನ ಎದೆಯ ಎಕ್ಸ್-ರೇ. ಓಣಿಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ, ಮೋಡಕಾದವನಿಗೆ ಕೊಡಲು ಚಿಗವ್ವ ಒಲ್ಲಳು. ಯಾವ ಪರೀಕ್ಷೆಯಲ್ಲೂ ಒಂದು ಪ್ರಶ್ನೆ ಪಾಠದ ಹೊರಗಿನದು ಇರುತ್ತದೆ.

ಇಷ್ಟರಲ್ಲಿ ನಮ್ಮ ಜಿಲ್ಲೆಯ ಮನೆಗಳಿಗೆ ಇನ್ನೊಂದು ಹುಚ್ಚು ಹತ್ತಿತು. 2026ರ ಜನವರಿಯಲ್ಲಿ ಲಕ್ಕುಂಡಿಯಲ್ಲಿ ಮನೆಯ ಪಾಯ ತೋಡುವಾಗ ಬಂಗಾರ ಸಿಕ್ಕಿತು, ಮನೆಯವರು ಅದನ್ನು ಸರ್ಕಾರಕ್ಕೆ ಒಪ್ಪಿಸಿದರು, ಪೇಪರಿನಲ್ಲೆಲ್ಲ ಬಂತು. ದಾನಚಿಂತಾಮಣಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರು, ಅಲ್ಲಿ ನೆಲದಲ್ಲಿ ಏನಾದರೂ ಇದ್ದರೆ ಆಶ್ಚರ್ಯವೇನಿಲ್ಲ. ಆದರೆ ಆಮೇಲೆ ಪಾಯದ ನೆಲ ನೋಡಿ ಕಣ್ಣು ಕಿರಿದು ಮಾಡುವವರು ಹೆಚ್ಚಾದರು. ಬಂಗಾರಕ್ಕಿಂತ ನಿಜವಾಗಿ ಸಿಗುವ ಸಾಧ್ಯತೆ ಇರುವುದು ಬೇರೆಯದು, ಅದು ನೆಲದಲ್ಲಲ್ಲ, ನಾಗೊಂದಿಯ ಮೇಲಿದೆ.

ಗದಗ 1956ರ ತನಕ ಮುಂಬೈ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹೀಗಾಗಿ ಕುಲಕರ್ಣಿಕಿ, ಗೌಡಿಕಿ ನಡೆಸಿದ ಮನೆಗಳಲ್ಲಿ ಮರಾಠಿಯ ಮೋಡಿ ಅಕ್ಷರದ ಲೆಕ್ಕಪತ್ರಗಳಿವೆ. ಜಂಗಮರ ಮನೆಗಳಲ್ಲಿ ತಾಳೆಗರಿಯ ಕಟ್ಟುಗಳು ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿವೆ. ಓದಲು ಬಾರದವರಿಗೆ ಅವು ಗೆದ್ದಲು ತಿಂದ ಕಸ. ವಚನಗಳ ಸಂಪಾದಕ ಫ.ಗು. ಹಳಕಟ್ಟಿಯವರು ಇಂಥ ಕಸವನ್ನೇ ಬೇಡಿ ಮನೆ ಮನೆ, ಮಠ ಮಠ ತಿರುಗಿದರು. 1923ರಲ್ಲಿ ಅವರ 'ವಚನಶಾಸ್ತ್ರ ಸಾರ' ಬಂತು. ಅಟ್ಟದ ಮೇಲಿನ ಗಂಟುಗಳನ್ನು ಅಂದಿನ ಹೆಂಗಸರು ಒಲೆಗೆ ಹಾಕಿದ್ದರೆ ಇಂದು ನಾವು ಬಾಯಿಪಾಠ ಹೇಳುವ ಎಷ್ಟೋ ವಚನಗಳು ನಮಗೆ ಸಿಗುತ್ತಿರಲಿಲ್ಲ. ಅವರು ಯಾಕೆ ಎಸೆಯಲಿಲ್ಲ? ಖುಷಿಗಲ್ಲ, ಉಪಯೋಗಕ್ಕೂ ಅಲ್ಲ. ದೇವರದ್ದು ಇರಬೇಕೆಂದು ವರ್ಷಕ್ಕೊಮ್ಮೆ ಇಳಿಸಿ, ವಿಭೂತಿ ಹಚ್ಚಿ, ಪೂಜೆ ಮಾಡಿ, ಮತ್ತೆ ಮೇಲಿಟ್ಟರು. ಚಿಗವ್ವನ ಓಣಿಯ ಪರೀಕ್ಷೆಯಲ್ಲೂ ಇವು ಪಾಸಾಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಆದ್ದರಿಂದ ಈ ದಸರಾಕ್ಕೋ ಯುಗಾದಿಗೋ ನಿಮ್ಮ ಮನೆಯ ಸಜ್ಜಾ, ನಾಗೊಂದಿ ಇಳಿಸುವವರಿಗೆ ಎರಡು ಮಾತು. ಹಳೇ ಹಗೇವಿನ ಕಲ್ಲು ಸರಿಸುವುದಿದ್ದರೆ ಮಕ್ಕಳನ್ನು ದೂರ ನಿಲ್ಲಿಸಿ, ಯಾರನ್ನೂ ಒಳಗೆ ಇಳಿಸಬೇಡಿ. ಡಬ್ಬಿ, ಬಾಂಡೆ, ಸೀರೆಗಳನ್ನು ನಿಮಗೆ ತಿಳಿದ ಹಾಗೆ ವಿಲೇವಾರಿ ಮಾಡಿ. ಆದರೆ ಕೈಬರಹದ ಹಾಳೆ, ತಾಳೆಗರಿ, ಮೋಡಿ ಕಾಗದ ಕಂಡರೆ ಮೋಡಕಾದವನ ತಕ್ಕಡಿಗೆ ಹಾಕಬೇಡಿ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ಓದುವವರಿದ್ದಾರೆ. ಒಂದು ಫೋಟೋ ತೆಗೆದು ಮೊದಲು ಅವರಿಗೆ ತೋರಿಸಿ.